ಚಾಸಿ ನಂಬರ್ ಕಳೆದುಕೊಂಡ ಜೀಪು

ಕಳೆದ ರಜೆಯಲ್ಲಿ ನಮ್ಮ ಮಾಮುವಿನ ಗ್ಯಾರೇಜಿಗೆ ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ನಾನಾ ಕೊಂಡಿದ್ದ ಹಳೆಯ ವಿಲ್ಲೀಸ್ ಜೀಪು ಶೆಡ್ಡಿನ ಹಿಂದೆ ವರ್ಷಗಟ್ಟಲೆ ನಿಂತಿದೆ, ಅದನ್ನು ನೋಡಲು. ಅವರು ಎಂಜಿನ್ ಚಾಲೂ ಮಾಡಿ ಎನ್ನಲಿಲ್ಲ. ನೆಲಕ್ಕೆ ಕುಳಿತು ಟಾರ್ಚ್ ಹಿಡಿದು ಚಾಸಿ ನಂಬರ್ ಹುಡುಕಿದರು. ಸಿಗಲಿಲ್ಲ. ತುಕ್ಕು ಹಿಡಿದ ಭಾಗಕ್ಕೆ ವೆಲ್ಡಿಂಗ್ ಮಾಡುವಾಗ ಮಾಮುವೇ ಆ ತುಂಡನ್ನು ಕತ್ತರಿಸಿ ಗುಜರಿಗೆ ಹಾಕಿದ್ದರು. ಆರ್.ಸಿ. ಬುಕ್ಕೂ ಇಲ್ಲ. "ಜೀಪು ಚೆನ್ನಾಗಿದೆ, ಆದರೆ ಇದು ಯಾವ ಜೀಪು ಅಂತ ಹೇಳೋರು ಯಾರು?" ಎಂದು ಕೇಳಿ, ಚಹಾ ಕುಡಿದು ಹೋದರು.

ಒಂದು ನಂಬರಿಗೆ ಇಷ್ಟು ಬೆಲೆಯೇ? ನಾನು ಓದತೊಡಗಿದೆ. ಹಿಂದೆ ರೋಲ್ಸ್ ರಾಯ್ಸ್ ಕಂಪನಿ ಎಂಜಿನ್ ಕೂಡಿಸಿದ ಚಾಸಿಯನ್ನಷ್ಟೇ ಮಾರುತ್ತಿತ್ತು. ನಮ್ಮಲ್ಲಿ ಲಾರಿಗೆ ಬಾಡಿ ಕಟ್ಟಿಸುತ್ತಾರಲ್ಲ, ಹಾಗೆಯೇ ಹೂಪರ್, ಬಾರ್ಕರ್ ಮುಂತಾದ ಬೇರೆ ಕಂಪನಿಗಳು ಬಾಡಿ ಕಟ್ಟುತ್ತಿದ್ದವು. ಬಾಡಿ ಬದಲಾಗಬಹುದು, ಎಂಜಿನ್ನೂ ಬದಲಾಗಬಹುದು, ಬಣ್ಣದ ಮಾತೇ ಬೇಡ. ಗುರುತು ಉಳಿಯುವುದು ಚಾಸಿಯಲ್ಲಿ. ಯಾವ ಚಾಸಿಯನ್ನು ಮೊದಲು ಯಾರು ಕೊಂಡರು ಎಂಬ ದಾಖಲೆ ಇಂಗ್ಲೆಂಡಿನಲ್ಲಿ ಇಂದಿಗೂ ಇದೆ. 1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಗಳ ಎಷ್ಟೋ ಕಾರುಗಳು ಕೈ ಬದಲಾದವು. ಅಂಥ ಕಾರನ್ನು 'ಮಹಾರಾಜರದ್ದು' ಎಂದು ಮಾರುವವನ ಮಾತನ್ನು ಪರೀಕ್ಷಿಸುವುದೂ ಇದೇ ನಂಬರಿನಿಂದ.

ನಂಬರ್ ಪ್ಲೇಟು ಸಹ ಸುಳಿವು ಕೊಡುತ್ತದೆ. 1956ರವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು, ಹಾಗಾಗಿ ಅಂದಿನ ಗಾಡಿಗಳಿಗೆ ಮುಂಬಯಿ ಕಡೆಯ ನೋಂದಣಿ. ಮೈಸೂರು ರಾಜ್ಯದ ಗಾಡಿಗಳಿಗೆ 'ಎಂವೈ', ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ 'ಸಿಎ', ಆಮೇಲೆ 'ಕೆಎ'. ಗದಗ ಜಿಲ್ಲೆಯಾದದ್ದು 1997ರಲ್ಲಿ. ನಮ್ಮದು 'ಕೆಎ 26'. ಹಳೆಯ ನಂಬರ್ ಗೊತ್ತಿದ್ದರೆ ಆರ್‌ಟಿಒ ಕಚೇರಿಯಲ್ಲಿ 'ಬಿ ಎಕ್ಸ್‌ಟ್ರ್ಯಾಕ್ಟ್' ಕೇಳಬಹುದು. ಮಾಲೀಕರ ಹೆಸರು ಅದರಲ್ಲಿರುತ್ತದೆ.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರು, ಬೈಕುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ 'ವಿಎ' ಅಕ್ಷರ. ದಿನನಿತ್ಯ ಓಡಿಸುವಂತಿಲ್ಲ. ಶುಲ್ಕ ನನಗೆ ಹೆಚ್ಚೆನಿಸಿತು; ಮಾಮು, "ಕಾಗದ ಇದ್ರ ಇವತ್ತ ಕಟ್ಟತಿದ್ನಿ" ಎಂದರು.

ಈಗ ಗ್ಯಾರೇಜಿಗೆ ಯಾವ ಹಳೆಯ ಗಾಡಿ ಬಂದರೂ ಮಾಮು ಮೊದಲು ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡುತ್ತಾರೆ. ನಮ್ಮ ಜೀಪಿನ ಹಳೆಯ ವಿಮೆ ಚೀಟಿಯಲ್ಲಾದರೂ ನಂಬರ್ ಇರಬಹುದೆಂದು ಹುಡುಕುತ್ತಿದ್ದೇವೆ. ನಾನಿಯ ಟ್ರಂಕು ಅರ್ಧ ನೋಡಿ ಆಗಿದೆ.