ಹೇಳಿಕೊಡುವಾಗ ಹೊಳೆಯುವುದು

1867ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಡಿಮಿಟ್ರಿ ಮೆಂಡಲೀವ್ ಅವರಿಗೆ, ವಿದ್ಯಾರ್ಥಿಗಳ ಕೈಗೆ ಕೊಡಲು ಮನಸ್ಸೊಪ್ಪುವ ಪಠ್ಯಪುಸ್ತಕ ಸಿಗಲಿಲ್ಲ. ತಾವೇ ಬರೆಯಲು ಕೂತರು. ಮೊದಲ ಸಂಪುಟ ಮುಗಿಯುವ ಹೊತ್ತಿಗೆ, ಆಗ ಗೊತ್ತಿದ್ದ 63 ಧಾತುಗಳಲ್ಲಿ ಕೆಲವನ್ನಷ್ಟೇ ವಿವರಿಸಿ ಆಗಿತ್ತು. ಉಳಿದದ್ದೆಲ್ಲ ಎರಡನೆಯ ಸಂಪುಟದಲ್ಲಿ ಹಿಡಿಸಬೇಕಿತ್ತು. ಒಂದೊಂದನ್ನೇ ಬಿಡಿಬಿಡಿಯಾಗಿ ಹೇಳುತ್ತ ಹೋದರೆ ಪುಸ್ತಕವೂ ಮುಗಿಯದು, ಓದುವವರ ತಲೆಯಲ್ಲೂ ನಿಲ್ಲದು. ಯಾವುದಾದ ಮೇಲೆ ಯಾವುದನ್ನು ಹೇಳಬೇಕು, ಏಕೆ? ಈ ಪ್ರಶ್ನೆಯ ಬೆನ್ನುಹತ್ತಿ ಧಾತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿ ನೋಡಿದಾಗ, 1869ರಲ್ಲಿ ಆವರ್ತ ಕೋಷ್ಟಕ ರೂಪುಗೊಂಡಿತು. ಅದಕ್ಕೂ ಹನ್ನೊಂದು ವರ್ಷ ಮುಂಚೆ, ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಕಲನಶಾಸ್ತ್ರದ ಪಾಠ ಮಾಡಬೇಕಾಗಿ ಬಂದ ರಿಚರ್ಡ್ ಡೆಡೆಕಿಂಡ್, ಹೇಳಬೇಕಾದ ವಿಷಯಕ್ಕೆ ಗಟ್ಟಿಯಾದ ಅಡಿಪಾಯವೇ ಇಲ್ಲವೆಂದು ಕಸಿವಿಸಿಗೊಂಡಿದ್ದರು. ರೇಖೆ ಎಳೆದು ತೋರಿಸಿ ಮುಂದಕ್ಕೆ ಸಾಗಬಹುದಿತ್ತು. ಅವರ ಮನಸ್ಸು ಒಪ್ಪಲಿಲ್ಲ. ವಾಸ್ತವ ಸಂಖ್ಯೆಗಳಿಗೆ ಅವರು ಕೊಟ್ಟ ನಿಖರ ವ್ಯಾಖ್ಯೆ ಹುಟ್ಟಿದ್ದು ಆ ಕಸಿವಿಸಿಯಿಂದ. ಇಬ್ಬರಿಗೂ ವಿಷಯ ಮೊದಲೇ ಗೊತ್ತಿತ್ತು. ಇನ್ನೊಬ್ಬರಿಗೆ ತಿಳಿಯುವಂತೆ ಅದನ್ನು ಜೋಡಿಸುವ ಹೊಣೆ ಹೊಸತಾಗಿತ್ತು.

ಅವರು ಮಹಾಮೇಧಾವಿಗಳು, ಪಾಠ ಮಾಡದಿದ್ದರೂ ಏನಾದರೊಂದು ಕಂಡುಹಿಡಿಯುತ್ತಿದ್ದರು ಎನ್ನಬಹುದು. ಇರಬಹುದು. ಆದ್ದರಿಂದ ಸಾಮಾನ್ಯರ ಕಡೆಗೆ ಬರೋಣ. ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪ್, ಬೀಗ, ಹೊಲಿಗೆ ಯಂತ್ರದಂಥ ವಸ್ತುಗಳು ಕೆಲಸ ಮಾಡುವ ಬಗೆ ನಿಮಗೆಷ್ಟು ಗೊತ್ತು ಎಂದು ಜನರನ್ನು ಕೇಳಿ, ತಮಗೆ ತಾವೇ ಅಂಕ ಕೊಟ್ಟುಕೊಳ್ಳಲು ಹೇಳಿದರು. ಆಮೇಲೆ ಹಂತಹಂತವಾಗಿ ವಿವರಿಸಿ ಬರೆಯಿರಿ ಎಂದರು. ಬರೆದ ಮೇಲೆ ಮತ್ತೆ ಕೇಳಿದಾಗ ಅಂಕ ಇಳಿದಿತ್ತು. ದಿನವೂ ಕಣ್ಣಿಗೆ ಬೀಳುವ ವಸ್ತುವಿನ ಪರಿಚಯವನ್ನು ನಾವು ಅದರ ತಿಳಿವಳಿಕೆ ಎಂದು ಭಾವಿಸಿಬಿಡುತ್ತೇವೆ. ಅದೇ ಪುಟವನ್ನು ಮೂರನೆಯ ಸಲ ಓದುವ ವಿದ್ಯಾರ್ಥಿಗೂ ಹೀಗೇ ಆಗುತ್ತದೆ: ಸಾಲುಗಳು ಸಲೀಸಾಗಿ ಸಾಗುತ್ತವೆ, ಎಲ್ಲ ಬಂದಂತೆ ಅನಿಸುತ್ತದೆ. ನಡುವಿನ ಕೊಂಡಿ ಎಲ್ಲಿ ಕಳಚಿದೆ ಎಂಬುದು ಬಾಯಿಬಿಟ್ಟು ವಿವರಿಸಲು ಹೊರಟಾಗಲೇ ಗೊತ್ತಾಗುವುದು.

ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದನ್ನು ನೇರವಾಗಿಯೇ ಪರೀಕ್ಷಿಸಲಾಗಿದೆ. ಲೋಗನ್ ಫಿಯೊರೆಲ್ಲಾ ಮತ್ತು ರಿಚರ್ಡ್ ಮೇಯರ್ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳಿಗೆ ಡಾಪ್ಲರ್ ಪರಿಣಾಮದ ಪಾಠ ಕೊಟ್ಟಿದ್ದರು. ರೈಲು ಹತ್ತಿರ ಬರುವಾಗ ಅದರ ಸೀಟಿಯ ಸ್ವರ ಏರಿದಂತೆಯೂ, ದಾಟಿ ಹೋದ ಮೇಲೆ ಇಳಿದಂತೆಯೂ ಕೇಳಿಸುವುದಕ್ಕೆ ಕಾರಣವಾದ ವಿದ್ಯಮಾನ ಇದು. ಕಲಿಸಬೇಕಾಗುತ್ತದೆ ಎಂದುಕೊಂಡು ಸಿದ್ಧರಾದವರು ಕೂಡಲೇ ನಡೆದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೂ ಲಾಭ ಉಳಿದದ್ದು, ಸಿದ್ಧರಾಗಿ ಕ್ಯಾಮೆರಾದ ಮುಂದೆ ನಿಜವಾಗಿಯೇ ಪಾಠ ಮಾಡಿದವರಿಗೆ. ಇಲ್ಲಿ ಯಾರು ಕಲಿಸಬೇಕೆಂದು ಆರಿಸಿದವರು ಸಂಶೋಧಕರು. ಹಾಗಾಗಿ, ಜಾಣರೇ ಕಲಿಸಲು ಮುಂದೆ ಬರುತ್ತಾರೆ, ಅದಕ್ಕೇ ಅವರಿಗೆ ಹೆಚ್ಚು ಅಂಕ ಎಂಬ ಆಕ್ಷೇಪ ನಿಲ್ಲುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ 2018ರಲ್ಲಿ ಸಿಂಗಪುರದ ಸಂಶೋಧಕರಿಂದ ಬಂತು. ಅವರೂ ಡಾಪ್ಲರ್ ಪರಿಣಾಮವನ್ನೇ ಆರಿಸಿಕೊಂಡು, ಕೆಲವರಿಂದ ಟಿಪ್ಪಣಿ ನೋಡದೆ ಪಾಠ ಮಾಡಿಸಿದರು, ಕೆಲವರಿಗೆ ಸಿದ್ಧ ಪಾಠವನ್ನು ಕೈಗೆ ಕೊಟ್ಟು ಹೇಳಿಸಿದರು, ಇನ್ನು ಕೆಲವರಿಗೆ ಓದಿದ್ದನ್ನು ಸುಮ್ಮನೆ ನೆನಪಿನಿಂದ ಬರೆಯಲು ಹೇಳಿದರು. ವಾರದ ನಂತರ ಟಿಪ್ಪಣಿಯಿಲ್ಲದೆ ಕಲಿಸಿದವರೂ ನೆನಪಿನಿಂದ ಬರೆದವರೂ ಸಮಸಮ. ಸಿದ್ಧ ಪಾಠ ಒಪ್ಪಿಸಿದವರಿಗೆ, ಆ ಹೊತ್ತಿನಲ್ಲಿ ಲೆಕ್ಕ ಮಾಡುತ್ತ ಕೂತಿದ್ದವರಿಗಿಂತ ಹೆಚ್ಚೇನೂ ದಕ್ಕಲಿಲ್ಲ. ಅಂದರೆ ಲಾಭ ಬರುವುದು ನೆನಪಿನಿಂದ ಹೆಕ್ಕುವುದರಿಂದ, ಕಲಿಸುವುದರಿಂದ ಅಲ್ಲ ಎಂದಾಯಿತೇ? ಬಹುಪಾಲು ಹೌದು ಎಂದು ಒಪ್ಪಬೇಕು. ಇಪ್ಪತ್ತು ವರ್ಷ ಅದೇ ಹಳದಿ ಬಿದ್ದ ನೋಟ್ಸ್ ಓದಿ ಹೇಳುವವರ ತಿಳಿವಳಿಕೆ ಏಕೆ ಬೆಳೆಯುವುದಿಲ್ಲ ಎಂಬುದಕ್ಕೂ ಇಲ್ಲಿ ಉತ್ತರವಿದೆ. ಬರೀ ಮಾತಾಡುವುದು ಕಲಿಸುವುದಲ್ಲ.

ಆದರೂ ಆ ಪ್ರಯೋಗದ ಪಾಠದಲ್ಲಿ ಒಬ್ಬರು ಇರಲಿಲ್ಲ: ತಿರುಗಿ ಪ್ರಶ್ನೆ ಕೇಳುವ ವಿದ್ಯಾರ್ಥಿ. ರಾಡ್ ರೋಸ್ಕೊ ಮತ್ತು ಮಿಶೆಲೀನ್ ಚಿ 2007ರಲ್ಲಿ ಈ ಕ್ಷೇತ್ರದ ಸಂಶೋಧನೆಗಳನ್ನು ಒಟ್ಟಿಗಿಟ್ಟು ನೋಡಿದಾಗ, ಸಹಪಾಠಿಗಳಿಗೆ ಹೇಳಿಕೊಡುವವರು ಹೆಚ್ಚಾಗಿ ಗೊತ್ತಿದ್ದನ್ನೇ ಒಪ್ಪಿಸಿಬಿಡುತ್ತಾರೆ ಎಂದು ಕಂಡಿತು. ತಮ್ಮ ತಿಳಿವಳಿಕೆಯನ್ನು ಒರೆಗೆ ಹಚ್ಚಿ ಮತ್ತೆ ಕಟ್ಟುವವರು ಕಡಿಮೆ. ಅವರನ್ನು ಆ ಕಡೆ ತಳ್ಳುವುದರಲ್ಲಿ ಕೇಳುಗರ ಆಳವಾದ ಪ್ರಶ್ನೆಗೆ ದೊಡ್ಡ ಪಾತ್ರವಿದೆ. ನೆನಪಿನಿಂದ ಬರೆಯುವವನನ್ನು ಖಾಲಿ ಹಾಳೆ ಹಾಗೆ ತಡೆದು ಕೇಳುವುದಿಲ್ಲ.

ಅದೇ ಡಾಪ್ಲರ್ ಪಾಠವನ್ನೇ ತೆಗೆದುಕೊಳ್ಳಿ. ಸೀಟಿ ಜೋರಾಗಿ ಕೇಳುವುದು, ಸ್ವರ ಏರುವುದು ಎರಡೂ ಒಂದೇ ಎಂದುಕೊಂಡೇ ಅನೇಕರು ವಿವರಣೆ ಮುಗಿಸಿಬಿಡಬಲ್ಲರು, ಬರೆದೂ ಬಿಡಬಲ್ಲರು. ಆಗ ಎದುರಿಗೆ ಕೂತ ಹುಡುಗಿ ಕೇಳುತ್ತಾಳೆ: “ಸರ್, ರೈಲಿನೊಳಗೆ ಕೂತವರಿಗೂ ಸ್ವರ ಬದಲಾದ ಹಾಗೆ ಕೇಳುತ್ತಾ?” ಕೇಳಿಸುವುದಿಲ್ಲ, ಸೀಟಿಯ ಜೊತೆಗೇ ಅವರೂ ಚಲಿಸುತ್ತಿರುತ್ತಾರೆ. ಇಷ್ಟು ಹೇಳಬೇಕಾದರೆ ರೈಲನ್ನು ಬಿಟ್ಟು ಅಲೆಗಳಿಗೆ ಮರಳಬೇಕು. ಮೂಲ ಮತ್ತು ಕೇಳುಗರ ನಡುವಿನ ಅಂತರ ಬದಲಾಗುತ್ತಿದ್ದರೆ ಅಲೆಗಳು ಕಿವಿ ಮುಟ್ಟುವ ಬಿಡುವು ಹೇಗೆ ಹೆಚ್ಚುಕಡಿಮೆ ಆಗುತ್ತದೆ ಎಂದು ಬೋರ್ಡಿನ ಮೇಲೆ ಮೊದಲಿಂದ ಬರೆಯಬೇಕು. ಸೀಮೆಸುಣ್ಣ ಹಿಡಿದವರಿಗೂ ಆ ಚಿತ್ರ ಪೂರ್ತಿಯಾಗಿ ಕಾಣುವುದು ಬಹುಶಃ ಆಗಲೇ.