ಮುಂಗಡವೆಂಬ ಎರಡನೆಯ ಬಾಡಿಗೆ

ಜೇವರ್ಗಿ ತಾಲ್ಲೂಕಿನ ನನ್ನ ಬಂಧುವೊಬ್ಬರ ಮಗನಿಗೆ ಬೆಂಗಳೂರಿನಲ್ಲಿ ನೌಕರಿ ದೊರೆತಾಗ ಮನೆ ನೋಡಲು ನಾನೂ ಜತೆಗೆ ಹೋಗಿದ್ದೆ. ಹಿಂದೆ ಗಿರಣಿ ಕಾರ್ಮಿಕರ ನೆಲೆಯಾಗಿದ್ದ ಬಿನ್ನಿಪೇಟೆಯಲ್ಲಿ ಈಗ ಬಹುಮಹಡಿ ವಸತಿ ಸಮುಚ್ಚಯಗಳು ತಲೆಯೆತ್ತಿವೆ. ಅಲ್ಲಿ ಒಂದೇ ಮಲಗುವ ಕೋಣೆಯ ಮನೆಯೊಂದು ಅವನಿಗೆ ಒಪ್ಪಿಗೆಯಾಯಿತು. ತಿಂಗಳ ಬಾಡಿಗೆ 20,000 ರೂಪಾಯಿ. ಮುಂಗಡ ಹತ್ತು ತಿಂಗಳದ್ದು, ಅಂದರೆ 2 ಲಕ್ಷ.

ತಂದೆಯವರು ಬರಲಿರುವ ತೊಗರಿಯನ್ನು ನಂಬಿ ಅಡತಿ ಅಂಗಡಿಯಲ್ಲಿ ನೂರಕ್ಕೆ ಎರಡು ರೂಪಾಯಿ ಮಾಸಿಕ ಬಡ್ಡಿಗೆ ಸಾಲ ತಂದರು. ಬಡ್ಡಿಯೇ ತಿಂಗಳಿಗೆ 4,000. ಕರಾರುಪತ್ರದಲ್ಲಿ 20,000 ಎಂದಿರುವ ಬಾಡಿಗೆ ಈ ಕುಟುಂಬದ ಪಾಲಿಗೆ 24,000 ಆಯಿತು. ಉಳ್ಳವರಿಗೆ ಬ್ಯಾಂಕ್ ಠೇವಣಿಯ ಬಡ್ಡಿಯಷ್ಟೇ ನಷ್ಟ. ಇಲ್ಲದವರಿಗೆ ಅದೇ ಮನೆ ಇನ್ನಷ್ಟು ತುಟ್ಟಿ. ಆಳಂದ, ಅಫಜಲಪುರದಿಂದ ಹೊರಡುವ ಯುವಕರ ಪಾಡೂ ಬೇರೆಯಲ್ಲ.

ಕಲಬುರಗಿಯಲ್ಲಿ ನಾನೂ ಮನೆಯೊಂದನ್ನು ಬಾಡಿಗೆಗೆ ಕೊಟ್ಟವನೇ. ಮನೆ ಬಿಡದ ಬಾಡಿಗೆದಾರನ ಭಯ ನನಗೂ ಗೊತ್ತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಇಬ್ಬರ ಹಿತವನ್ನೂ ಗಮನಿಸಿದೆ: ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು, ಅವಧಿ ಮುಗಿದರೂ ತೆರವು ಮಾಡದವರು ಮೊದಲ ಎರಡು ತಿಂಗಳು ದುಪ್ಪಟ್ಟು, ಅನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಆದರೆ ರಾಜ್ಯ ಶಾಸನ ಮಾಡಿದರಷ್ಟೇ ಅದಕ್ಕೆ ಬಲ.

ಆ ಮಿತಿ ಇದ್ದಿದ್ದರೆ ನನ್ನ ಬಂಧು 1,60,000 ರೂಪಾಯಿ ಸಾಲದಿಂದ ಪಾರಾಗುತ್ತಿದ್ದರು. ಶಾಸಕರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.