ಉಪ್ಪುಗಾಳಿಯ ನಾಡಿಗೊಂದು ಕಿಸೆಚಾಕು

ಅಂಕೋಲಾ ತಾಲ್ಲೂಕಿನ ಶೆಟಗೇರಿಯಂತಹ ಗ್ರಾಮದಲ್ಲಿ, ಗದ್ದೆ ತೋಟಗಳ ಕಡೆಗೆ ಹೊರಟ ಬೇಸಾಯಗಾರನ ಸೊಂಟದ ಹಿಂದೆ ಮರದ ಕೊಕ್ಕೆಯಿಂದ ತೂಗುವ ಕತ್ತಿಯನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಬೇಲಿಯ ಮುಳ್ಳು ಸವರುವುದಕ್ಕೂ, ಸೊಪ್ಪು ಕಡಿಯುವುದಕ್ಕೂ, ಎಳನೀರು ಕೆತ್ತುವುದಕ್ಕೂ ಅದಿಲ್ಲದೆ ಆತನ ದಿನ ಸಾಗದೆಂಬುದನ್ನು ಎಲ್ಲರೂ ಬಲ್ಲರು. ಆತನ ಮಗ ಕಾರವಾರದ ಕಚೇರಿಗೋ ಅಂಕೋಲೆಯ ಅಂಗಡಿಗೋ ಹೋಗತೊಡಗಿದ ಮೇಲೆ ಆ ಕೊಕ್ಕೆ ಗೋಡೆಯ ಮೊಳೆಗೆ ಸೇರಿತು. ಆದರೆ ಕೊಯ್ಯುವ, ಹೆರೆಯುವ, ಸೀಳುವ ಕೆಲಸಗಳು ಮಗನ ಬೆನ್ನು ಬಿಡಲಿಲ್ಲ. ಪಾರ್ಸೆಲ್ಲಿನ ಹುರಿ, ಗೊಬ್ಬರದ ಚೀಲದ ಹೊಲಿಗೆ, ಬಾಳೆಯೆಲೆಯ ದಂಟು, ಬುತ್ತಿಯ ಜೊತೆಗೆ ಬಂದ ಮಾವಿನ ಹಣ್ಣು, ಇವುಗಳಿಗೆಲ್ಲ ಹಲ್ಲನ್ನೂ ಬೀಗದ ಕೈಯನ್ನೂ ಪ್ರಯೋಗಿಸುತ್ತಿರುವ ವಿದ್ಯಾವಂತರನ್ನು ಕಂಡಾಗಲೆಲ್ಲ, ಮಡಿಚಿ ಕಿಸೆಯಲ್ಲಿಡಬಹುದಾದ ಒಂದು ಸಣ್ಣ ಚಾಕುವಿನ ಅವಶ್ಯಕತೆಯನ್ನು ಕುರಿತು ಬರೆಯಬೇಕೆಂಬ ಅಪೇಕ್ಷೆ ನನ್ನಲ್ಲಿ ಬಲವಾಗುತ್ತಿತ್ತು.

ಚಾಕುವೆಂದೊಡನೆ ಮನಸ್ಸು ಮುದುಡುವುದಕ್ಕೆ ಕಾರಣವಿಲ್ಲದಿಲ್ಲ. ಉತ್ತರಪ್ರದೇಶದ ರಾಮಪುರದ ಕುಶಲಕರ್ಮಿಗಳು ತಯಾರಿಸುತ್ತಿದ್ದ ಉದ್ದಲಗಿನ ಮಡಿಚುಚಾಕು ಹಿಂದೀ ಚಲನಚಿತ್ರಗಳ ಖಳರ ಕೈಸೇರಿ, ತೆರೆಯುವಾಗಿನ ಸದ್ದಿನಿಂದಲೇ ಭೀತಿ ಹುಟ್ಟಿಸುವ ವಸ್ತುವಾಗಿ ಬಿಟ್ಟುದರಿಂದ, ನಿರುಪದ್ರವಿಯಾದ ಕಿಸೆಚಾಕುವೂ ಆ ಅಪಖ್ಯಾತಿಯಲ್ಲಿ ಪಾಲುಗೊಳ್ಳಬೇಕಾಯಿತು. 1959ರ ಶಸ್ತ್ರಾಸ್ತ್ರ ಕಾಯಿದೆಗೆ ಅನುಸಾರವಾದ ನಿಯಮಗಳಾದರೋ, ಅಲಗು 9 ಅಂಗುಲಕ್ಕಿಂತ ಉದ್ದವಾಗಿ ಅಥವಾ 2 ಅಂಗುಲಕ್ಕಿಂತ ಅಗಲವಾಗಿರುವ ಚಾಕುಗಳನ್ನು, ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವುಗಳನ್ನು ಹೊರತುಪಡಿಸಿ, ಆಯುಧಗಳ ಸಾಲಿಗೆ ಸೇರಿಸುತ್ತವೆ. ನಾನು ಹೇಳಹೊರಟಿರುವ ಚಾಕುವಿನ ಅಲಗು 3 ಅಂಗುಲದ ಆಸುಪಾಸಿನದು. ದಿನದ ಕೆಲಸಕ್ಕೆ ಅದಕ್ಕಿಂತ ದೊಡ್ಡದು ಬೇಕಾಗುವುದೇ ಇಲ್ಲ. ಗುಂಡಿಯೊತ್ತಿದರೆ ಚಿಮ್ಮಿ ತೆರೆಯುವ ಜಾತಿಯದನ್ನು ಸಜ್ಜನರು ಕೊಳ್ಳಬಾರದು. ಅದರಿಂದ ಕೆಲಸದಲ್ಲಿ ಹೆಚ್ಚಿನ ಪ್ರಯೋಜನವಿಲ್ಲ, ನೋಡಿದವರಿಗೆ ಶಂಕೆ ಮಾತ್ರ. ನ್ಯಾಯಾಲಯಕ್ಕೆ ಹೋಗುವಾಗಲೂ ವಿಮಾನದ ಕೈಚೀಲ ಕಟ್ಟುವಾಗಲೂ ಚಾಕುವನ್ನು ಮನೆಯಲ್ಲಿಯೇ ಇರಿಸತಕ್ಕುದು.

ಜಾತ್ರೆಯ ಅಂಗಡಿಸಾಲಿನಲ್ಲಾಗಲಿ ಸಂತೆಯಲ್ಲಾಗಲಿ ಹೊಳೆಹೊಳೆಯುವ ಚಾಕುಗಳು ಸುಲಭದ ಬೆಲೆಗೆ ದೊರೆಯುತ್ತವೆ. ಅವುಗಳಲ್ಲಿ ಕೆಲವಕ್ಕೆ ಕತ್ತರಿ, ಅರ, ಚಮಚ, ಮುಳ್ಳುಚಮಚಗಳೆಲ್ಲ ಜೋಡಿಸಿರುವುದರಿಂದ ಕೊಟ್ಟ ಹಣಕ್ಕೆ ಬಹಳ ಬಂದಂತೆ ತೋರುತ್ತದೆ. ಆದರೆ ಹತ್ತು ಉಪಕರಣಗಳಿಗೆ ಹಂಚಿಹೋದ ಅಗ್ಗದ ಲೋಹದಲ್ಲಿ ಮುಖ್ಯವಾದ ಅಲಗಿಗೆ ಉಳಿಯುವ ಸತ್ತ್ವವೆಷ್ಟು? ಚಾಕುವಿನ ಬೆಲೆಯೆಲ್ಲ ಎರಡೇ ಸ್ಥಾನಗಳಲ್ಲಿ ಅಡಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ: ಒಂದು ಅಲಗಿನ ಉಕ್ಕು, ಇನ್ನೊಂದು ಅದು ತಿರುಗುವ ಕೀಲು.

ಉಕ್ಕಿನ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಪಾತ್ರೆಯಂಗಡಿಯಲ್ಲಿ ಆಯಸ್ಕಾಂತವನ್ನು ತಾಗಿಸಿ ನೋಡಿ, ಅಂಟದಿದ್ದರೆ ಅದು ಉತ್ತಮವಾದ ಸ್ಟೀಲೆಂದು ನಿರ್ಣಯಿಸುವ ಪದ್ಧತಿ ಪಾತ್ರೆಗಳ ವಿಷಯದಲ್ಲಿ ತಕ್ಕಮಟ್ಟಿಗೆ ಸರಿಯಾದುದೇ; ಒಳ್ಳೆಯ ಪಾತ್ರೆಗಳಲ್ಲಿ ನೂರಕ್ಕೆ 18ರಷ್ಟು ಕ್ರೋಮಿಯಮ್ಮೂ 8ರಷ್ಟು ನಿಕ್ಕಲ್ಲೂ ಕೂಡಿದ್ದು, ಆ ನಿಕ್ಕಲ್ಲಿನ ಪ್ರಭಾವದಿಂದ ಲೋಹವು ಆಯಸ್ಕಾಂತಕ್ಕೆ ವಶವಾಗುವುದಿಲ್ಲ. ಆದರೆ ಅಂತಹ ಲೋಹವನ್ನು ಎಷ್ಟೇ ಕಾಯಿಸಿ ಅದ್ದಿದರೂ ಗಡುಸಾಗದೆಂಬ ಕಾರಣದಿಂದ ಅದು ಅಲಗಿಗೆ ಸರ್ವಥಾ ಅಯೋಗ್ಯ. ಚಾಕುವಿಗೆ ಬೇಕಾದುದು ಇಂಗಾಲವನ್ನು ತಕ್ಕಷ್ಟು ಹೊಂದಿ, ಕೆಂಪಗೆ ಕಾಯಿಸಿ ಅದ್ದಿ ಹದಗೊಳಿಸಿದಾಗ ಗಡುಸಾಗುವ ಉಕ್ಕು. ಅದು ಆಯಸ್ಕಾಂತಕ್ಕೆ ಅಂಟಿಯೇ ಅಂಟುತ್ತದೆ. ಆದುದರಿಂದ ಆಯಸ್ಕಾಂತ ಅಂಟಿತೆಂದು ಒಳ್ಳೆಯ ಚಾಕುವನ್ನು ಹಿಂದಿರುಗಿಸುವುದು ಅವಿವೇಕ.

ಇನ್ನು ತುಕ್ಕು. ನೂರಕ್ಕೆ 12 ಅಥವಾ 13ಕ್ಕೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಬೆರೆತ ಉಕ್ಕಿನ ಮೈಮೇಲೆ, ಗಾಳಿಯ ಆಮ್ಲಜನಕದ ಸಂಪರ್ಕದಿಂದ ಕಣ್ಣಿಗೆ ಕಾಣದ ಒಂದು ಪೊರೆ ತಾನಾಗಿಯೇ ಉಂಟಾಗಿ ಒಳಗಿನ ಲೋಹವನ್ನು ಕಾಪಾಡುತ್ತದೆ. ಘಟ್ಟದ ಮೇಲಿನವರಿಗೆ ಇಷ್ಟು ರಕ್ಷೆ ಸಾಕಾದೀತು. ಆದರೆ ಸಮುದ್ರದ ಉಪ್ಪು ಗಾಳಿಯಲ್ಲಿಯೇ ತೇಲಿಬರುವ, ಜ್ಯೇಷ್ಠದಿಂದ ಭಾದ್ರಪದದವರೆಗೆ ಬಟ್ಟೆಯೇ ಒಣಗದ ನಮ್ಮ ಕರಾವಳಿಯಲ್ಲಿ, ಉಪ್ಪು ಆ ಪೊರೆಯನ್ನೂ ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಷ್ಟಗಲದ ಕುಳಿಗಳನ್ನು ಕೊರೆಯುತ್ತದೆ. ಕ್ರೋಮಿಯಮ್ಮಿಲ್ಲದ ಇಂಗಾಲದ ಉಕ್ಕು ಬೇಗನೆ ಹರಿತವಾಗುವುದೇನೋ ನಿಜ, ಆದರೆ ಒಂದು ರಾತ್ರಿ ಒದ್ದೆಯ ಕಿಸೆಯಲ್ಲಿ ಉಳಿದರೆ ಕೆಂಪಾಗಿ ಬಿಡುತ್ತದೆ. ಬೇಲೆಕೇರಿಯಲ್ಲಿ ಬಲೆಯ ಹುರಿ ಕೊಯ್ಯುವವನಿಗೂ ಶೆಟಗೇರಿಯ ತೋಟಗಾರನಿಗೂ ತುಕ್ಕು ಹಿಡಿಯದ ಉಕ್ಕನ್ನೇ ನಾನು ಸೂಚಿಸುವೆನು.

ಕೀಲನ್ನು ಅಂಗಡಿಯಲ್ಲಿಯೇ, ಅವಸರಪಡದೆ ಪರೀಕ್ಷಿಸಬೇಕು. ಅಲಗನ್ನು ನಿಧಾನವಾಗಿ ತೆರೆಯಿರಿ. ಅದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾದ ಬಿಗಿಯಿಂದ ಎದ್ದು, ಕಡೆಯಲ್ಲಿ ಟಕ್ಕೆಂದು ನಿಲ್ಲಬೇಕು. ತೆರೆದ ಅಲಗಿನ ಮೊನೆಯನ್ನು ಎರಡು ಬೆರಳಿನಲ್ಲಿ ಹಿಡಿದು ಎಡಬಲಕ್ಕೆ ಅಲುಗಾಡಿಸಿದರೆ ಕೀಲಿನಲ್ಲಿ ಸಡಿಲ ತೋರಬಾರದು. ಚಾಕುವನ್ನು ಬೆಳಕಿಗೆ ಎತ್ತಿಹಿಡಿದು ನೋಡಿದಾಗ ಬೆನ್ನಿನ ಸ್ಪ್ರಿಂಗಿಗೂ ಪಕ್ಕದ ಪಟ್ಟಿಗಳಿಗೂ ನಡುವೆ ಬೆಳಕಿನ ಗೆರೆ ಕಂಡರೆ, ಆ ಸಂದಿಯಲ್ಲಿ ನಾಳೆ ಮಾವಿನ ರಸವೂ ಉಪ್ಪುನೀರೂ ನಿಲ್ಲುವುವೆಂದು ತಿಳಿಯತಕ್ಕುದು. ಮಡಿಚಿದಾಗ ಅಲಗು ಹಿಡಿಯ ನಡುಮಧ್ಯದಲ್ಲಿ ಕೂರಬೇಕು. ಒಂದು ಪಕ್ಕಕ್ಕೆ ಒರಗಿದ್ದರೆ ಪ್ರತಿಸಲವೂ ಪಟ್ಟಿಗೆ ಉಜ್ಜಿ ಬಾಯಿ ಮೊಂಡಾಗುವುದು. ಸ್ಪ್ರಿಂಗಿನ ಒತ್ತಡವೊಂದರಿಂದಲೇ ನಿಲ್ಲುವ ಅಲಗಿಗೆ ಬೀಗವಿರುವುದಿಲ್ಲವಾದ ಕಾರಣ, ಅಂತಹ ಚಾಕುವಿನ ಮೊನೆಯಿಂದ ಚುಚ್ಚುವ, ತಿವಿಯುವ ಕೆಲಸವನ್ನು ಮಾಡಲೇಬಾರದು. ಅದು ಬೆರಳಿನ ಮೇಲೆಯೇ ಮಡಿಚಿಕೊಂಡೀತು.

ಪ್ರಪಂಚದಲ್ಲಿ ಹೆಸರುವಾಸಿಯಾದ ಚಾಕುಗಳು ರೈತನಿಗೂ ಸಿಪಾಯಿಗೂ ಎಟುಕಲೆಂದು ಹುಟ್ಟಿದವೆಂಬುದು ಗಮನಾರ್ಹ. ಫ್ರಾನ್ಸಿನ ಸವೋಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಚಾಕು ಒಂದು ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಒಂದು ಲೋಹದ ಪಟ್ಟಿ ಇಷ್ಟೇ ಆಗಿದ್ದಿತು. 1955ರಲ್ಲಿ ತಿರುಗಿಸಿ ಅಲಗನ್ನು ಬಂಧಿಸುವ ಉಂಗುರವೊಂದು ಅದಕ್ಕೆ ಸೇರಿತು. ಸ್ವಿಟ್ಜರ್ಲೆಂಡಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಆರಂಭಿಸಿದ ಕಾರ್ಯಾಗಾರವು 1891ರಿಂದ ಆ ದೇಶದ ಸೈನಿಕರಿಗೆ ಚಾಕು ಪೂರೈಸಿ, ಮುಂದೆ ವಿಕ್ಟೋರಿನಾಕ್ಸ್ ಎಂಬ ಹೆಸರಿನಿಂದ ಪ್ರಖ್ಯಾತವಾಯಿತು. ಇವೆರಡರಲ್ಲಿ ಒಪಿನೆಲ್ಲಿನ ಸರಳತೆ ನನಗೆ ಅತ್ಯಂತ ಪ್ರಿಯವಾದುದಾದರೂ, ನಮ್ಮ ಮಳೆಗಾಲದ ತೇವವನ್ನು ಹೀರಿ ಅದರ ಬೀಚ್ ಮರದ ಹಿಡಿ ಉಬ್ಬಿಕೊಳ್ಳುವುದರಿಂದ ಅಲಗು ಒಳಗೇ ಸಿಕ್ಕಿಬೀಳುವುದುಂಟು. ಆಗ ಉಂಗುರವನ್ನು ಸಡಿಲಿಸಿ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಮೆಲ್ಲನೆ ಕುಟ್ಟಿದರೆ ಮೊನೆ ಹೊರಕ್ಕೆ ತಲೆಯೆತ್ತುತ್ತದೆ. ಇದು ಸವೋಯ್ ರೈತರದೇ ಉಪಾಯ. ಕರಾವಳಿಯವರಿಗೆ ಮಾತ್ರ ಮರಕ್ಕಿಂತ ಪ್ಲಾಸ್ಟಿಕ್ ಅಥವಾ ಲೋಹದ ಹಿಡಿಯ, ಒಂದೋ ಎರಡೋ ಅಲಗಿನ ಚಾಕು ಹೆಚ್ಚು ಹಿತಕರ. ಇವುಗಳ ಬೆಲೆ ಸಂತೆಯ ಚಾಕುವಿಗಿಂತ ಹಲವು ಪಟ್ಟು ಅಧಿಕ; ಆದರೂ ವರ್ಷಕ್ಕೊಂದರಂತೆ ಎಸೆಯುವ ಚಾಕುಗಳ ಲೆಕ್ಕವನ್ನು ಕೂಡಿಸಿ ನೋಡಿದವರಿಗೆ, ಇಪ್ಪತ್ತು ವರ್ಷ ಬಾಳುವ ವಸ್ತು ದುಬಾರಿಯೆನಿಸಲಾರದು.

ಚಾಕುವಿನ ಯೋಗ್ಯತೆಯನ್ನು ಅಂಕೋಲೆಯಲ್ಲಿ ತಿಳಿಯಬೇಕಾದರೆ ಬೇಸಗೆಯಲ್ಲಿ ಕರಿ ಇಶಾಡ ಮಾವನ್ನು ಅದರಿಂದ ಹೆರೆದು ನೋಡಬೇಕು. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಹಣ್ಣಿನ ಸಿಪ್ಪೆ, ಬಿಳಿ ಇಶಾಡದ ದಪ್ಪ ಸಿಪ್ಪೆಯಂತಲ್ಲದೆ, ಬಹು ತೆಳುವಾದುದು. ಮೊಂಡಾದ ಅಲಗು ಸಿಪ್ಪೆಯ ಜೊತೆಗೆ ತಿರುಳನ್ನೂ ಜಜ್ಜಿ ರಸವನ್ನೆಲ್ಲ ಮೊಣಕೈಗೆ ಹರಿಸಿದರೆ, ಹರಿತವಾದ ತೆಳ್ಳನೆಯ ಅಲಗು ಸಿಪ್ಪೆಯನ್ನಷ್ಟೇ ಸುರುಳಿಯಾಗಿ ಬಿಡಿಸಿ ಕೊಡುತ್ತದೆ. ತಿಂದಾದ ಮೇಲೆ ಅಲಗನ್ನು ಸಿಹಿನೀರಿನಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ, ತೆರೆದಿಟ್ಟು ಆರಿಸಿದ ಮೇಲೆಯೇ ಮಡಿಚಬೇಕು. ಹಲಸಿನ ಮೇಣ ಅಂಟಿದ್ದರೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಬಿಡುತ್ತದೆ. ಅದೇ ಎಣ್ಣೆಯ ಒಂದು ಹನಿಯನ್ನು ಆಗಾಗ ಕೀಲಿಗೂ ಬಿಡುವುದೊಳ್ಳೆಯದು.

ಮಸೆಯುವುದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ದೊರೆಯುವ, ಒಂದು ಮೈ ಒರಟು ಇನ್ನೊಂದು ಮೈ ನಯವಾದ ಸಾಣೆಕಲ್ಲು ಸಾಕು. ಕಲ್ಲನ್ನು ನೀರಿನಲ್ಲಿ ತೋಯಿಸಿ, ಅಲಗಿನ ಬೆನ್ನನ್ನು 15ರಿಂದ 20 ಡಿಗ್ರಿಯಷ್ಟು ಎತ್ತಿ, ಆ ಕೋನವನ್ನು ಕೊನೆಯವರೆಗೂ ಕದಲಿಸದೆ, ಎರಡು ಪಕ್ಕಗಳನ್ನೂ ಸಮನಾಗಿ ಎಳೆಯಬೇಕು. ತಿರುಗುವ ಯಂತ್ರದ ಚಕ್ರಕ್ಕೆ ಕೊಟ್ಟರೆ ಕಿಡಿ ಹಾರುವ ಆ ಶಾಖದಲ್ಲಿ ತೆಳುವಾದ ಬಾಯಿಯ ಹದವೇ ಕೆಟ್ಟುಹೋಗುವ ಭಯವಿದೆ.

ಮಾವಿಗೆ ಕಸಿ ಕಟ್ಟುವವರು ಮಾತ್ರ ಈ ಕಿಸೆಚಾಕುವನ್ನು ಆ ಕಾರ್ಯಕ್ಕೆ ಬಳಸದೆ, ಒಂದೇ ಪಕ್ಕ ಮಸೆದ ಕಸಿಚಾಕುವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಲೇಸು. ಕಸಿಕಡ್ಡಿಗೂ ಬೇರುಗಿಡಕ್ಕೂ ಮಾಡಿದ ಓರೆಗೀಟುಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿದರಷ್ಟೇ ತೊಗಟೆಯ ಕೆಳಗಿನ ಜೀವಂತ ಪದರಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಎರಡೂ ಪಕ್ಕ ಮಸೆದ ಅಲಗು ಮರದಲ್ಲಿ ಅತ್ತಿತ್ತ ವಾಲಿ ಗೀಟನ್ನು ಡೊಂಕಾಗಿಸುತ್ತದೆ, ಹುರಿ ಚೀಲಗಳನ್ನು ಕೊಯ್ದು ಸವೆದ ಬಾಯಿಯಂತೂ ಆ ಪದರವನ್ನೇ ಜಜ್ಜಿ ಒಣಗಿಸಿಬಿಡುತ್ತದೆ.